ಸರ್ವರ್ ಕಟ್ಟಿ: ಅಪ್‌ಗ್ರೇಡ್ ಮಾಡಬೇಕಂತ, ಮಾಡೂಣೇನ್ರಿ?

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾದಾಗಿನಿಂದ ಈ ಕಟ್ಟಿಗೆ ಬರುವ ಪತ್ರಗಳ ವರಸೆಯೇ ಬೇರೆಯಾಗಿದೆ. ಪ್ರಿಂಟರ್ ಓಡುತ್ತಿಲ್ಲ, ವೈರಸ್ ಹೊಕ್ಕಿದೆ ಎಂದು ಬರೆಯುತ್ತಿದ್ದವರು ಈಗ ವರ್ಷನ್, ಮೈಗ್ರೇಶನ್, ಟೆಸ್ಟ್ ಸರ್ವರ್ ಎನ್ನುತ್ತಿದ್ದಾರೆ. ದರ ತಿದ್ದಲು ಹೋದಾಗಲೇ ತಮ್ಮ ಸಾಫ್ಟ್‌ವೇರ್ ಎಷ್ಟು ಹಳೆಯದು ಎಂಬುದು ಬಹಳ ಮಂದಿಗೆ ತಿಳಿದದ್ದು. ಹಾಗಾಗಿ ಈ ತಿಂಗಳು ಪೂರ್ತಿ ಒಂದೇ ವಿಷಯ: ಸಾಫ್ಟ್‌ವೇರ್ ಅಪ್‌ಗ್ರೇಡ್. ಊರಿನ ಹೆಸರು ಉಳಿಸಿ, ಕಂಪನಿಗಳ ಹೆಸರು, ಸಾಫ್ಟ್‌ವೇರ್ ಹಾಕಿಕೊಟ್ಟವರ ಹೆಸರು ತೆಗೆದಿದ್ದೇನೆ. ಜಗಳ ಹಚ್ಚಲು ಈ ಅಂಕಣ ಬರೆಯುತ್ತಿಲ್ಲ.

ಪ್ರಶ್ನೆ: ತಾರಿಹಾಳದಾಗ ನಮ್ಮದೊಂದು ವಾಲ್ವ್ ಬಿಡಿಭಾಗ ಮಾಡೋ ಯೂನಿಟ್ ಅದ. ನಲವತ್ತು ಮಂದಿ. ಖರೀದಿ, ಸ್ಟಾಕ್, ಪಗಾರ ಎಲ್ಲಾ ಇಆರ್‌ಪಿನೆಕ್ಸ್ಟ್ ಅನ್ನೋ ಸಾಫ್ಟ್‌ವೇರಿನ ವರ್ಷನ್ 13ರ ಮ್ಯಾಲೆ ನಡೀತದ. 15ಕ್ಕ ಹೋಗಬೇಕಂತ ಸಾಫ್ಟ್‌ವೇರ್‌ನವರು ಹೇಳ್ಯಾರ. "ಶನಿವಾರ ರಾತ್ರಿ ಲೈವ್ ಮ್ಯಾಲೇ ಮಾಡಿಬಿಡ್ತೀವಿ, ಬ್ಯಾಕಪ್ ಅದ, ಚಿಂತಿ ಬ್ಯಾಡ್ರಿ" ಅಂತಾರ. ಮಾಲಕ ನಮ್ಮಣ್ಣನ. ಡೆವಲಪ್‌ಮೆಂಟ್, ಟೆಸ್ಟ್, ಪ್ರೊಡಕ್ಷನ್ ಅಂತ ಮೂರು ಮೂರು ಸರ್ವರ್ ಬೆಂಗಳೂರಿನ ದೊಡ್ಡ ಕಂಪನಿಗಿರಲಿ, ನಮಗ್ಯಾಕ ಅಂತಾನ. ಅಕ್ಕಾರ, ನೀವೇನಂತೀರಿ?
(ಹುಬ್ಬಳ್ಳಿ)

ಉತ್ತರ: ಮೂರೂ ಬೇಕು. ಆದರೆ ನಿಮ್ಮಣ್ಣಗ ಹೇಳ್ರಿ, ಮೂರು ಮಷೀನು ಕೊಳ್ಳಬೇಕಿಲ್ಲ. ಡೆವಲಪ್‌ಮೆಂಟ್ ಸಾಫ್ಟ್‌ವೇರ್‌ನವರ ಲ್ಯಾಪ್‌ಟಾಪಿನಲ್ಲೇ ಇರಲಿ. ಅಲ್ಲಿ ಅವರು ಏನು ಬೇಕಾದರೂ ಒಡೆದು ಕಟ್ಟಲಿ. ಲೈವ್, ಅಂದರೆ ದಿನದ ಕೆಲಸ ನಡೆಯುವ ಪ್ರೊಡಕ್ಷನ್ ಸರ್ವರ್, ನಿಮ್ಮಲ್ಲಿ ಇದ್ದೇ ಇದೆ. ನಡುವಿನ ಟೆಸ್ಟ್ ಸರ್ವರಿಗೆ ಮಾತ್ರ ದುಡ್ಡು ಬಿಚ್ಚಬೇಕು, ಅದೂ ಎರಡು ಮೂರು ವಾರದ ಮಟ್ಟಿಗೆ. ಕ್ಲೌಡಿನಲ್ಲಿ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಕೆಲಸ ಮುಗಿದ ಮೇಲೆ ಬರೀ ಆಫ್ ಮಾಡಿ ಕೂಡಬೇಡಿ, ಡಿಸ್ಕ್ ಸಮೇತ ಅಳಿಸಿ. ಇಲ್ಲದಿದ್ದರೆ ಡಿಸ್ಕಿನ ಬಾಡಿಗೆ ತಿಂಗಳುಗಟ್ಟಲೆ ಓಡುತ್ತಿರುತ್ತದೆ.

ಆ ಟೆಸ್ಟ್ ಸರ್ವರಿನಲ್ಲಿ ನಿಮ್ಮ ಲೈವ್ ಡೇಟಾದ ಪೂರ್ತಿ ನಕಲು ಇರಬೇಕು. ಡೆಮೊ ಕಂಪನಿಯಲ್ಲಿ ಹತ್ತು ಐಟಂ, ನಾಲ್ಕು ಗಿರಾಕಿ. ಅಲ್ಲಿ ಎಲ್ಲವೂ ಸಲೀಸು. ನಿಮ್ಮ ಡೇಟಾದಲ್ಲಿ ಯಾರೋ ಎಂದೋ ಸೇರಿಸಿದ ಕಸ್ಟಮ್ ಫೀಲ್ಡು, ಅರ್ಧಕ್ಕೆ ಬಿಟ್ಟ ಪರ್ಚೇಸ್ ಆರ್ಡರು, ಒಂದೇ ಮಾಲಿಗೆ ಒಂದು ಸ್ಪೇಸಿನ ವ್ಯತ್ಯಾಸದಲ್ಲಿ ಕೊಟ್ಟ ಎರಡು ಐಟಂ ಕೋಡು ಇರುತ್ತವೆ. ಮೈಗ್ರೇಶನ್, ಅಂದರೆ ಹಳೆಯ ಡೇಟಾವನ್ನು ಹೊಸ ವರ್ಷನ್ನಿಗೆ ಸಾಗಿಸುವುದು, ಎಡವುವುದೇ ಅಂಥ ಕಡೆ.

ಇನ್ನು "ಬ್ಯಾಕಪ್ ಅದ" ಎಂಬ ಮಾತು. ಅದನ್ನು ಹೇಳಿದವರಿಗೆ ಒಂದೇ ಪ್ರಶ್ನೆ ಕೇಳಿ: ಆ ಬ್ಯಾಕಪ್ಪನ್ನು ಬೇರೆ ಮಷೀನಿನ ಮೇಲೆ ಇಳಿಸಿ, ಲಾಗಿನ್ ಆಗಿ ನೋಡಿದ್ದು ಯಾವಾಗ? 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರಿನ ಮೇಲೆ ಡೇಟಾಬೇಸ್ ಫೋಲ್ಡರ್ ಅಳಿಸಿಬಿಟ್ಟರು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಕ್ಲೌಡಿನ ಜಾಗ ಖಾಲಿ! ಅವರ ಪೋಸ್ಟ್‌ಗ್ರೆಸ್ ಡೇಟಾಬೇಸು 9.6ಕ್ಕೆ ಏರಿತ್ತು, ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಮಾತ್ರ 9.2ರದ್ದು ಓಡುತ್ತಿತ್ತು. ಎರಡಕ್ಕೂ ಹೊಂದದೆ ಬ್ಯಾಕಪ್ ಫೇಲ್ ಆಗುತ್ತಿತ್ತು. ಫೇಲ್ ಆಯಿತೆಂದು ತಿಳಿಸುವ ಇಮೇಲುಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿದ್ದರಿಂದ ಯಾರಿಗೂ ಸುದ್ದಿಯಿಲ್ಲ. ಕೊನೆಗೆ ಅವರನ್ನು ಉಳಿಸಿದ್ದು ಏನು ಗೊತ್ತೇನ್ರಿ? ಸುಮಾರು ಆರು ತಾಸು ಮುಂಚೆ ಟೆಸ್ಟ್ ಪರಿಸರಕ್ಕೆಂದು ಅದೇ ಎಂಜಿನಿಯರ್ ತೆಗೆದಿಟ್ಟಿದ್ದ ಒಂದು ನಕಲು. ಟೆಸ್ಟ್ ಸರ್ವರ್ ದಂಡದ ಖರ್ಚು ಎನ್ನುವ ನಿಮ್ಮಣ್ಣಗ ಈ ಕಥೆಯನ್ನು ಊಟಕ್ಕೆ ಕೂತಾಗ ಹೇಳಿ.

ನಿಮ್ಮ ಇಆರ್‌ಪಿನೆಕ್ಸ್ಟ್‌ಗೇ ಬರೋಣ. 13ರಿಂದ 14ಕ್ಕೆ, ಅಲ್ಲಿಂದ 15ಕ್ಕೆ ಹೋಗಬೇಕು. ಎರಡು ಮೆಟ್ಟಿಲನ್ನು ಒಂದೇ ಸಲ ಹಾರುವುದು ಬೇಡ. 14ರಲ್ಲಿ ಹಾಜರಿ, ಪಗಾರದ ಭಾಗ ಮುಖ್ಯ ಸಾಫ್ಟ್‌ವೇರಿನಿಂದ ಹೊರಬಂದು ಬೇರೆ ಆ್ಯಪ್ ಆಗಿದೆ. ಅದನ್ನು ಸೇರಿಸುವುದು ಮರೆತರೆ ಒಂದನೇ ತಾರೀಖಿಗೆ ಪಗಾರದ ಪುಟ ಹುಡುಕಬೇಕಾಗುತ್ತದೆ. 15ರಲ್ಲಿ ಸರ್ವರ್ ಸ್ಕ್ರಿಪ್ಟುಗಳು ತಾವಾಗಿಯೇ ಬಂದ್ ಇರುತ್ತವೆ, ನಾವು ಚಾಲೂ ಮಾಡಬೇಕು. "ಸ್ಟಾಕ್ ಕಡಿಮೆ ಇದ್ದರೆ ಬಿಲ್ ಆಗಬಾರದು" ಎಂಥ ಸಣ್ಣ ಸಣ್ಣ ಕಟ್ಟಳೆಗಳನ್ನು ನಿಮ್ಮವರು ಅಂಥ ಸ್ಕ್ರಿಪ್ಟಿನಲ್ಲಿ ಬರೆದಿದ್ದರೆ, ಅವು ಕೆಲಸ ನಿಲ್ಲಿಸಿದ್ದು ಗೋದಾಮಿನಲ್ಲಿ ಲೆಕ್ಕ ತಪ್ಪಿದ ಮೇಲೇ ಗೊತ್ತಾಗುವುದು. ಬ್ಯಾಕಪ್ ತೆಗೆಯುವಾಗ ಡೇಟಾಬೇಸ್ ಒಂದೇ ಸಾಲದು. ಅಟ್ಯಾಚ್ ಮಾಡಿದ ಡ್ರಾಯಿಂಗ್, ಸ್ಕ್ಯಾನ್ ಬಿಲ್ಲುಗಳ ಫೈಲುಗಳನ್ನೂ ಸೇರಿಸಲು ಬೇರೆ ಆಯ್ಕೆ ಕೊಡಬೇಕು. ಸೈಟ್ ಕಾನ್ಫಿಗ್ ಫೈಲಿನಲ್ಲಿರುವ ಎನ್‌ಕ್ರಿಪ್ಶನ್ ಕೀ ಜೋಪಾನ. ಅದಿಲ್ಲದೆ ಹೊಸ ಜಾಗದಲ್ಲಿ ಡೇಟಾ ಇಳಿಸಿದರೆ, ಒಳಗೆ ಉಳಿಸಿಟ್ಟ ಇಮೇಲ್ ಮತ್ತಿತರ ಪಾಸ್‌ವರ್ಡುಗಳನ್ನು ಸಾಫ್ಟ್‌ವೇರಿಗೇ ಓದಲು ಬರುವುದಿಲ್ಲ.

ಶನಿವಾರ ರಾತ್ರಿಗೆ ನನ್ನ ತಕರಾರಿಲ್ಲ. ಗಡಿಯಾರ ಎಲ್ಲಿಂದ ಎಣಿಸುತ್ತೀರಿ ಎಂಬುದರ ಮೇಲೆ ತಕರಾರು. ಸಾಫ್ಟ್‌ವೇರ್‌ನವರು ಶನಿವಾರದಿಂದ ಮುಂದಕ್ಕೆ ಎಣಿಸುತ್ತಾರೆ. ನೀವು ಸೋಮವಾರದಿಂದ ಹಿಂದಕ್ಕೆ ಎಣಿಸಿ. ಟೆಸ್ಟ್ ಸರ್ವರಿನ ಮೇಲೆ ಮೈಗ್ರೇಶನ್‌ಗೆ ಐದು ತಾಸು, ಹಳೆಯದನ್ನು ಮರಳಿ ಇಳಿಸಿ ನೋಡಲು ನಾಲ್ಕು ತಾಸು ಹಿಡಿಯಿತು ಎನ್ನಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಶಿಫ್ಟ್. ನಡುವೆ ಎಲ್ಲರಿಗೂ ನಿದ್ದೆ ಬೇಕು, ಎಡವಟ್ಟಾದರೆ ಅದಕ್ಕೂ ಒಂದಿಷ್ಟು ಹೊತ್ತು ಬೇಕು. ಹಾಗಾದರೆ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ತೀರ್ಮಾನ: ಮುಂದೆ ಹೋಗುವುದೋ, ವಾಪಸ್ ಬರುವುದೋ. ತೀರ್ಮಾನ ಮಾಡುವವರು ಒಬ್ಬರೇ ಇರಲಿ, ಅವರ ಹೆಸರು ಕಾಗದದ ಮೇಲೆ ಇರಲಿ. ಅವರು ಸಾಫ್ಟ್‌ವೇರ್‌ನವರಂತೂ ಆಗಬಾರದು. "ಇನ್ನೊಂದು ಅರ್ಧ ತಾಸು ಕೊಡ್ರಿ, ಆಗೇಬಿಡ್ತದ" ಎನ್ನುವವರೇ ಅವರು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಸೋಮವಾರ ಸ್ಟೋರಿನವರು ಮೊದಲ ಗೇಟ್ ಎಂಟ್ರಿ ಹಾಕಿ, ಬಿಲ್ಲಿಂಗ್‌ನವರು ನಾಲ್ಕು ಇನ್‌ವಾಯ್ಸ್ ತೆಗೆದ ಮೇಲೆ ನಿಮ್ಮ ಬ್ಯಾಕಪ್ ಬ್ಯಾಕಪ್ಪಾಗಿ ಉಳಿಯುವುದಿಲ್ಲ. ಅದರಲ್ಲಿ ಇರುವುದು ಶನಿವಾರದ ಕಂಪನಿ. ಸೋಮವಾರದ ಎಂಟ್ರಿಗಳು ಹೊಸ ವರ್ಷನ್ನಿನಲ್ಲಿ ಮಾತ್ರ ಇವೆ, ಇ-ಇನ್‌ವಾಯ್ಸ್ ನಂಬರ್ ಸರ್ಕಾರದ ಪೋರ್ಟಲಿನಲ್ಲಿ ಕೂತಿದೆ, ಲಾರಿ ಇ-ವೇ ಬಿಲ್ ಹಿಡಿದು ಕಿತ್ತೂರು ದಾಟಿದೆ. ಆಮೇಲೆ ಹಿಂದೆ ಬರುವುದೆಂದರೆ ಅಷ್ಟನ್ನೂ ಕೈಯಿಂದ ಮತ್ತೆ ಹೊಡೆಯುವುದು. ಮಂಗಳವಾರದ ಹೊತ್ತಿಗೆ ಅದೂ ಆಗದ ಮಾತು.

ಪ್ರಶ್ನೆ: ನಾನು ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ಅಕೌಂಟ್ಸ್ ನೋಡುತ್ತೇನೆ. ಹೊಸ ವರ್ಷನ್ ಟೆಸ್ಟ್ ಸರ್ವರಿನಲ್ಲಿ ಹಾಕಿದ್ದಾರೆ. "ಯುಎಟಿ ಮಾಡಿ ಸಹಿ ಹಾಕಿ ಕೊಡಿ ಮೇಡಂ" ಎಂದು ಒಂದು ಹಾಳೆ ಕೊಟ್ಟಿದ್ದಾರೆ. ಅದರಲ್ಲಿ ಲಾಗಿನ್ ಆಗುತ್ತದೆಯೇ, ಬಿಲ್ ಆಗುತ್ತದೆಯೇ, ರಿಪೋರ್ಟ್ ಬರುತ್ತದೆಯೇ ಎಂದು ಹತ್ತು ಪ್ರಶ್ನೆ. ಎಲ್ಲದಕ್ಕೂ ಹೌದು. ಆದರೂ ಸಹಿ ಹಾಕಲು ಕೈ ಬರುತ್ತಿಲ್ಲ. ನಾನು ಕಂಪ್ಯೂಟರ್ ಓದಿದವಳಲ್ಲ. ಏನು ನೋಡಬೇಕು?
(ಗದಗ)

ಉತ್ತರ: ನಿಮ್ಮ ಕೈ ಹೇಳುವುದೇ ಸರಿ, ಈಗಲೇ ಸಹಿ ಹಾಕಬೇಡಿ. ಯುಎಟಿ ಎಂದರೆ ಬಳಸುವವರೇ ನಡೆಸಿ ನೋಡಿ ಒಪ್ಪುವ ಪರೀಕ್ಷೆ. ಕಂಪ್ಯೂಟರ್ ಓದದಿದ್ದರೆ ಏನಾಯಿತು, ಈ ಕೆಲಸಕ್ಕೆ ಆ ಫ್ಯಾಕ್ಟರಿಯಲ್ಲಿ ನಿಮಗಿಂತ ಲಾಯಕ್ಕಾದವರು ಇರಲಾರರು.

ಲೆಕ್ಕ ಮುಗಿಸಿ ರಿಟರ್ನ್ ಹಾಕಿರುವ ಒಂದು ತಿಂಗಳು ಆರಿಸಿಕೊಳ್ಳಿ. ಹಳೆಯ ವರ್ಷನ್ನಿನಿಂದ ಆ ತಿಂಗಳ ಟ್ರಯಲ್ ಬ್ಯಾಲೆನ್ಸ್, ಪಾರ್ಟಿವಾರು ಬಾಕಿ, ಸ್ಟಾಕಿನ ಬೆಲೆ, ಜಿಎಸ್‌ಟಿಆರ್-1ರ ಅಂಕಿಗಳನ್ನು ಪ್ರಿಂಟ್ ತೆಗೆಯಿರಿ. ಹೊಸದರಿಂದಲೂ ಅವೇ ನಾಲ್ಕನ್ನು ತೆಗೆಯಿರಿ. ಪೈಸೆಗೆ ಪೈಸೆ ಕೂಡಬೇಕು. "ಮೂರು ರೂಪಾಯಿ ರೌಂಡಿಂಗ್ ಮೇಡಂ, ಬಿಡ್ರಿ" ಎಂದರೆ ಬಿಡಬೇಡಿ. ಆ ಮೂರು ರೂಪಾಯಿ ಯಾವ ಬಿಲ್ಲಿನಿಂದ ಬಂತು ಎಂದು ತೋರಿಸಲಿ. ಸ್ಟಾಕಿನ ಬೆಲೆಯಲ್ಲಿ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ಹಿಂದಿನ ತಾರೀಖಿಗೆ ಹಾಕಿದ ಯಾವುದೋ ಎಂಟ್ರಿಯನ್ನು ಹೊಸ ವರ್ಷನ್ ಬೇರೆ ಸರದಿಯಲ್ಲಿ ಲೆಕ್ಕ ಹಿಡಿದಿರುತ್ತದೆ.

ಇದಾದ ಮೇಲೆ ವಕ್ರ ವ್ಯವಹಾರಗಳು. ಸರಳ ಬಿಲ್ ಎಲ್ಲ ಕಡೆ ಆಗುತ್ತದೆ. ಮಾಲು ವಾಪಸ್ ಬಂದದ್ದಕ್ಕೆ ಕ್ರೆಡಿಟ್ ನೋಟ್ ಹಾಕಿ ನೋಡಿ. ಅದರಲ್ಲೂ ಸೆಪ್ಟೆಂಬರ್ 22ಕ್ಕೆ ಮುಂಚಿನ ಬಿಲ್ಲಿಗೆ ಇವತ್ತು ಕ್ರೆಡಿಟ್ ನೋಟ್ ಹಾಕಿದರೆ ಹಳೆಯ ದರ ಬರಬೇಕು. ಹೊಸ ದರ ಹಿಡಿದರೆ ಅಲ್ಲಿಗೇ ನಿಲ್ಲಿಸಿ. ಮುಂಗಡ ಕೊಟ್ಟ ಪಾರ್ಟಿಯ ಬಿಲ್, ಟಿಡಿಎಸ್ ಹಿಡಿದ ಬಿಲ್, ಅರ್ಧ ಹಣ ಬಂದ ಬಿಲ್, ಎಲ್ಲ ಒಂದೊಂದು. ನಿಮ್ಮ ವಹಿವಾಟು 5 ಕೋಟಿ ದಾಟಿದ್ದರೆ ಇ-ಇನ್‌ವಾಯ್ಸ್ ಕಡ್ಡಾಯ, 2023ರ ಆಗಸ್ಟ್ 1ರಿಂದ ಆ ಮಿತಿ ಇದೆ. ತೆಗೆದ ಇ-ಇನ್‌ವಾಯ್ಸನ್ನು ಪೋರ್ಟಲಿನಲ್ಲಿ 24 ತಾಸಿನ ಒಳಗೆ ಮಾತ್ರ ರದ್ದು ಮಾಡಬಹುದು. ಹೊಸ ವರ್ಷನ್ 25ನೇ ತಾಸಿಗೆ ರದ್ದು ಬಟನ್ ಒತ್ತಿದರೆ ಏನು ಮಾಡುತ್ತದೆ? ಪೋರ್ಟಲಿನಲ್ಲಿ ಉಳಿದು ನಿಮ್ಮಲ್ಲಿ ಮಾತ್ರ ಅಳಿದರೆ ತಿಂಗಳ ಕೊನೆಗೆ ತಲೆ ಕೆಡುತ್ತದೆ. ಈ ಪರೀಕ್ಷೆಗೆಲ್ಲ ಪೋರ್ಟಲಿನವರದೇ ಸ್ಯಾಂಡ್‌ಬಾಕ್ಸ್, ಅಂದರೆ ಬರೀ ಪರೀಕ್ಷೆಗೆಂದು ಇಟ್ಟ ಜಾಗ, ಇದೆ. ಟೆಸ್ಟ್ ಸರ್ವರ್ ಅದಕ್ಕೇ ಜೋಡಣೆಯಾಗಿದೆಯೇ ಎಂದು ಮೊದಲು ಕೇಳಿ, ಆಮೇಲೆ ಬಟನ್ ಒತ್ತಿ.

ಪ್ರಿಂಟ್ ತೆಗೆದು ಕಾಗದದ ಮೇಲೆ ನೋಡಿ, ಪರದೆ ನಂಬಬೇಡಿ. ನಿಮ್ಮ ಚೀಟಿಗಳಲ್ಲಿ ರೈತರ ಹೆಸರು ಕನ್ನಡದಲ್ಲಿದ್ದರೆ ಇದು ಇನ್ನೂ ಮುಖ್ಯ. ಹೊಸ ಸರ್ವರಿನಲ್ಲಿ ಕನ್ನಡ ಫಾಂಟ್ ಹಾಕಿರದಿದ್ದರೆ ಪಿಡಿಎಫ್‌ನಲ್ಲಿ ಅಕ್ಷರಗಳ ಬದಲು ಚೌಕಗಳು ಬರುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದ ಹೆಸರುಗಳಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಒತ್ತಕ್ಷರ ಇರುವ ಊರುಗಳನ್ನೇ ಆರಿಸಿ: ಲಕ್ಕುಂಡಿ, ಲಕ್ಷ್ಮೇಶ್ವರ. "ಕ್ಷ್ಮೇ" ಸರಿ ಬಂದರೆ ಉಳಿದದ್ದೆಲ್ಲ ಬರುತ್ತದೆ.

ಕೊನೆಗೆ, ನಿಮ್ಮ ಲಾಗಿನ್ ಬಿಟ್ಟು ಗೋದಾಮಿನವರ ಲಾಗಿನ್‌ನಿಂದ ಒಳಹೊಕ್ಕು ನೋಡಿ. ಅಪ್‌ಗ್ರೇಡಿನಲ್ಲಿ ಯಾರಿಗೆ ಏನು ಕಾಣಬೇಕೆಂಬ ಪರವಾನಗಿಗಳು ಏರುಪೇರಾಗುತ್ತವೆ. ಗೋದಾಮಿನವರಿಗೆ ಮ್ಯಾನೇಜರರ ಪಗಾರ ಕಂಡರೆ ಮರುದಿನ ಸಾಫ್ಟ್‌ವೇರಿನ ಮಾತು ಯಾರೂ ಆಡುವುದಿಲ್ಲ. ಸಹಿ ಹಾಕುವಾಗ ಯಾವ ತಿಂಗಳ ಲೆಕ್ಕ ಹೋಲಿಸಿದ್ದೀರಿ, ಯಾವ ಯಾವ ಬಿಲ್ ನಂಬರ್ ನೋಡಿದ್ದೀರಿ ಎಂದು ಅದೇ ಹಾಳೆಯ ಹಿಂದೆ ಬರೆದು, ಒಂದು ಝೆರಾಕ್ಸ್ ನಿಮ್ಮ ಬಳಿ ಇಟ್ಟುಕೊಳ್ಳಿ.

ಪ್ರಶ್ನೆ: ಅಕ್ಕಾರ, ಬ್ಯಾಡಗಿಯೊಳಗ ನಮ್ಮದು ಅಡತಿ ಅಂಗಡಿ ಐತಿ, ಜೋಡೀಲೆ ಕೋಲ್ಡ್ ಸ್ಟೋರೇಜ್. ಸಾಫ್ಟ್‌ವೇರ್ ಹೊಸದು ಮಾಡಾಕ ಹತ್ತಿದ್ರು. ಟೆಸ್ಟ್ ಮಾಡೋವಾಗ "ನಿಮ್ಮ ಲಾಟ್ ಮಾರಾಟವಾಗಿದೆ, ಪಟ್ಟಿ ಮೊತ್ತ ಇಷ್ಟು" ಅಂತ ರೈತರಿಗೆಲ್ಲಾ ಮೆಸೇಜ್ ಹೋಗಿಬಿಟ್ಟಾವು. ಮಾಲು ಇನ್ನೂ ಒಳಗೇ ಐತಿ! ಮುಂಜಾನೆ ಅಂಗಡಿ ಮುಂದ ಮಂದಿ ಜಮಾ. ತಪ್ಪು ಯಾರದು, ಮುಂದ ಹೆಂಗ?
(ಬ್ಯಾಡಗಿ)

ಉತ್ತರ: ತಪ್ಪು ಯಾರದೆಂಬ ಪಂಚಾಯ್ತಿಗೆ ನಾನು ಕೂಡುವುದಿಲ್ಲ. ಆದದ್ದು ಇಷ್ಟು: ಲೈವ್ ಡೇಟಾದ ನಕಲು ಟೆಸ್ಟ್ ಸರ್ವರಿಗೆ ಹೋಯಿತು, ಅದರ ಜೊತೆಗೆ ಎಸ್‌ಎಂಎಸ್ ಕಳಿಸುವ ಕೀಲಿಯೂ ಹೋಯಿತು. ಸರ್ವರಿಗೆ ತಾನು ನಕಲು ಎಂಬುದು ಹೇಗೆ ತಿಳಿಯಬೇಕು? ಹೊತ್ತಾದಾಗ ಮೆಸೇಜ್ ಕಳಿಸಿತು. ಡಿಎಲ್‌ಟಿಯಲ್ಲಿ, ಅಂದರೆ ವ್ಯಾಪಾರದ ಎಸ್‌ಎಂಎಸ್ ಕಳಿಸುವವರ ನೋಂದಣಿ ವ್ಯವಸ್ಥೆಯಲ್ಲಿ, ನೋಂದಾಯಿಸಿದ ನಿಮ್ಮದೇ ಹೆಡರ್ (ಕಳಿಸಿದವರ ಹೆಸರು), ನಿಮ್ಮದೇ ಟೆಂಪ್ಲೇಟು. ರೈತರು ನಂಬದೆ ಇನ್ನೇನು ಮಾಡಿಯಾರು?

ಇನ್ನು ಮುಂದೆ ನಕಲು ಇಳಿಸಿದ ಮೇಲೆ, ಪ್ರೋಗ್ರಾಂ ಚಾಲೂ ಮಾಡುವ ಮೊದಲೇ, ಎಸ್‌ಎಂಎಸ್, ಇಮೇಲ್, ವಾಟ್ಸ್‌ಆ್ಯಪ್, ಬ್ಯಾಂಕ್ ಪೇಮೆಂಟ್, ಇ-ಇನ್‌ವಾಯ್ಸ್ ಇವೆಲ್ಲದರ ಕೀಲಿ ತೆಗೆದುಹಾಕಬೇಕು. ತಾನಾಗಿಯೇ ಓಡುವ ಕೆಲಸಗಳ ಶೆಡ್ಯೂಲರ್ ಬಂದ್ ಇಡಬೇಕು. ಇಷ್ಟರಲ್ಲೂ ಒಂದು ಮರೆತುಹೋಗುವುದು ಸಹಜ, ಅದಕ್ಕೆ ಟೆಸ್ಟ್ ಸರ್ವರಿನಿಂದ ಹೊರಗೆ ಹೋಗುವ ದಾರಿಯನ್ನೇ ಫೈರ್‌ವಾಲಿನಲ್ಲಿ ಮುಚ್ಚಿಸಿ. ನಾನು ಹೆಚ್ಚು ನಂಬುವುದು ಇದನ್ನೇ. ರೈತರ ಮೊಬೈಲ್ ನಂಬರುಗಳನ್ನೆಲ್ಲ ನಿಮ್ಮ ಗುಮಾಸ್ತರ ಒಂದೇ ನಂಬರಿಗೆ ಬದಲಿಸಿಬಿಟ್ಟರೆ, ಹೋದ ಮೆಸೇಜು ಅವರಿಗೇ ಹೋಗುತ್ತದೆ. ಆಧಾರ್, ಬ್ಯಾಂಕ್ ಖಾತೆ ನಂಬರುಗಳನ್ನೂ ಮರೆಮಾಡಿಸಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ ಆ ಡೇಟಾದ ಹೊಣೆ ನಿಮ್ಮದು, ಸಾಫ್ಟ್‌ವೇರ್‌ನವರ ಲ್ಯಾಪ್‌ಟಾಪಿನಲ್ಲಿ ಕೂತಿದ್ದರೂ ನಿಮ್ಮದೇ. ಟೆಸ್ಟ್ ಪರದೆಯ ಮೇಲ್ಗಡೆ ನಿಮ್ಮ ಮೆಣಸಿನಕಾಯಿ ಬಣ್ಣದ್ದೇ ಒಂದು ಪಟ್ಟಿ ಹಾಕಿಸಿ, ಯಾರಿಗೂ ಲೈವ್ ಎಂಬ ಭ್ರಮೆ ಆಗದಿರಲಿ.

ಮತ್ತೊಂದು ಮಾತು. ಜನವರಿಯಿಂದ ಮಾರ್ಚ್‌ವರೆಗೆ ನಿಮ್ಮ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ತಿಂಗಳುಗಳಲ್ಲಿ ಅಪ್‌ಗ್ರೇಡ್ ಮಾಡೋಣವೇ ಎಂದು ಯಾರಾದರೂ ಕೇಳಿದರೆ ಚಹಾ ಕುಡಿಸಿ ಕಳಿಸಿ. ಮಳೆಗಾಲದಲ್ಲಿ ಬರಲಿ.

ಪ್ರಶ್ನೆ: ನಮ್ಮದು ಪತ್ತಿನ ಸಹಕಾರ ಸಂಘ. ಸಾಫ್ಟ್‌ವೇರ್ ಬದಲಿಸಿಲ್ಲ, ಡೇಟಾಬೇಸ್ ವರ್ಷನ್ನೂ ಬದಲಿಸಿಲ್ಲ. ಸರ್ವರಿನ ಆಪರೇಟಿಂಗ್ ಸಿಸ್ಟಂ ಉಬುಂಟು 18.04 ಮಾತ್ರ 20.04ಕ್ಕೆ ಏರಿಸಿದ್ದು. ಆಮೇಲೆ ಕೆಲವು ಖಾತೆ ನಂಬರ್ ಹುಡುಕಿದರೆ "ಇಲ್ಲ" ಎನ್ನುತ್ತದೆ, ಪೂರ್ತಿ ಪಟ್ಟಿ ತೆಗೆದರೆ ಅದೇ ಖಾತೆ ಇದೆ. ಒಬ್ಬ ಸದಸ್ಯರಿಗೆ ಒಂದೇ ನಂಬರಿನ ಎರಡು ಖಾತೆಯೂ ಆಗಿದೆ. ಪೋಸ್ಟ್‌ಗ್ರೆಸ್ ಕೆಟ್ಟಿತೇ?
(ಶಿಗ್ಗಾವಿ)

ಉತ್ತರ: ಪೋಸ್ಟ್‌ಗ್ರೆಸ್ ಕೆಟ್ಟಿಲ್ಲ, ಅದರ ಕಾಲ ಕೆಳಗಿನ ನೆಲ ಸರಿದಿದೆ. ಪದಗಳನ್ನು ಯಾವ ಸರದಿಯಲ್ಲಿ ಜೋಡಿಸಬೇಕೆಂಬ ನಿಯಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಜಿಲಿಬ್‌ಸಿ ಎಂಬ ಲೈಬ್ರರಿಯಿಂದ ಕೇಳಿ ಪಡೆಯುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಆ ನಿಯಮಗಳು ಬದಲಾದವು. ನಿಮ್ಮ ಹಳೆಯ ಉಬುಂಟು ಅದಕ್ಕೆ ಮುಂಚಿನದು, ಹೊಸದು ನಂತರದ್ದು. ಬೇಗ ಹುಡುಕಲೆಂದು ಇಟ್ಟ ಡೇಟಾಬೇಸಿನ ಇಂಡೆಕ್ಸುಗಳು ಹಳೆಯ ಸರದಿಯಲ್ಲಿ ಜೋಡಿಸಿಟ್ಟವು, ಹುಡುಕುವುದು ಹೊಸ ಸರದಿಯಲ್ಲಿ. ಹಾಗಾಗಿ ಇದ್ದದ್ದೂ ಸಿಗುವುದಿಲ್ಲ. ಸಿಗದಿದ್ದರಿಂದ "ಈ ನಂಬರ್ ಇಲ್ಲ" ಎಂದುಕೊಂಡು ಅದೇ ನಂಬರಿಗೆ ಎರಡನೇ ಖಾತೆಯನ್ನೂ ತೆರೆಯಲು ಬಿಟ್ಟಿದೆ.

ನೀವೇ ನೋಡಬಹುದು. ಹಳೆಯ ಉಬುಂಟು ಇರುವ ಒಂದು ಮಷೀನಿನಲ್ಲಿ, ಇಂಗ್ಲಿಷ್ ಯುಟಿಎಫ್-8 ಸೆಟ್ಟಿಂಗಿನಲ್ಲಿ, 1-1 ಮತ್ತು 11 ಎಂಬ ಎರಡು ಸಾಲು ಕೊಟ್ಟು ಸಾರ್ಟ್ ಮಾಡಿಸಿ: 11 ಮೊದಲು ಬರುತ್ತದೆ. ಹೊಸದರಲ್ಲಿ ಮಾಡಿಸಿ: 1-1 ಮೊದಲು. ಸಹಕಾರ ಸಂಘಗಳ ಖಾತೆ ನಂಬರಿನಲ್ಲಿ ನಡುವೆ ಅಡ್ಡಗೆರೆ ಇರುವುದೇ ರೂಢಿ. ಪೆಟ್ಟು ಬಿದ್ದದ್ದು ಅಲ್ಲಿಗೆ.

ಕೌಂಟರ್ ಮುಚ್ಚಿದ ಮೇಲೆ ಬ್ಯಾಕಪ್ ತೆಗೆದು, ಅದನ್ನು ಇನ್ನೊಂದು ಮಷೀನಿನಲ್ಲಿ ಇಳಿಸಿ, ಮೊದಲು ಅಲ್ಲಿ ರೀಇಂಡೆಕ್ಸ್ ಮಾಡಿಸಿ, ಅಂದರೆ ಇಂಡೆಕ್ಸುಗಳನ್ನು ಹೊಸದಾಗಿ ಕಟ್ಟಿಸಿ. ಎರಡೆರಡು ಸಲ ಬಂದ ಖಾತೆಗಳು ಇರುವಲ್ಲಿ ಅದು ನಿಲ್ಲುತ್ತದೆ, ದೋಷದ ಸಂದೇಶದಲ್ಲಿ ನಂಬರ್ ಸಮೇತ ಹೇಳುತ್ತದೆ. ಅವನ್ನು ಒಂದೊಂದಾಗಿ ಪಾಸ್‌ಬುಕ್ ಇಟ್ಟುಕೊಂಡು ಬಗೆಹರಿಸಿದ ಮೇಲೆ ಲೈವ್ ಮೇಲೆ ಮಾಡಿ. ಯಾವ ಖಾತೆ ಉಳಿಸಬೇಕು ಎಂಬುದನ್ನು ಸಂಘದ ಕಾರ್ಯದರ್ಶಿ ಹೇಳಬೇಕು, ಸಾಫ್ಟ್‌ವೇರ್ ಹುಡುಗ ಊಹಿಸಬಾರದು. ಪೋಸ್ಟ್‌ಗ್ರೆಸ್ 15ರಿಂದ ಇಂಥ ಬದಲಾವಣೆಯಾದಾಗ ಡೇಟಾಬೇಸೇ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಬರುವುದು ಲಾಗ್ ಫೈಲಿನಲ್ಲಿ, ಅದನ್ನು ಓದುವವರು ಬೇಕು.

ಪ್ರಶ್ನೆ: ಅಕ್ಕಾ, ನಾನು ಹಾವೇರಿಯವನು. ಗೋಕುಲ ರಸ್ತೆಯ ಸಣ್ಣ ಐಟಿ ಕಂಪನಿಯಲ್ಲಿ ಮೊದಲ ಕೆಲಸ. ಜಾವಾ 8ರ ಅಪ್ಲಿಕೇಶನ್ನನ್ನು 17ಕ್ಕೆ ತರುವ ಕೆಲಸ ಕೊಟ್ಟಿದ್ದಾರೆ. ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಟೆಸ್ಟ್‌ನಲ್ಲಿ ಓಡುತ್ತದೆ, ಪ್ರೊಡಕ್ಷನ್‌ಗೆ ಹಾಕಿದ ಕೂಡಲೇ ಕ್ಲಾಸ್ ಸಿಗುತ್ತಿಲ್ಲ ಎಂದು ಬೀಳುತ್ತದೆ. ಸೀನಿಯರ್‌ಗಳು ನಗುತ್ತಾರೆ.
(ಹುಬ್ಬಳ್ಳಿ)

ಉತ್ತರ: ನಗಲಿ ತಮ್ಮಾ, ಅವರ ಪ್ರೊಡಕ್ಷನ್ ಸರ್ವರಿನಲ್ಲಿ ಏನೇನು ಹಾಕಿದೆ ಎಂಬ ಪಟ್ಟಿ ಅವರ ಹತ್ತಿರವೇ ಇರಲಿಕ್ಕಿಲ್ಲ. ಕೇಳಿ ನೋಡು.

ಎರಡು ಗುಮಾನಿ. ಜಾವಾ 11ರಿಂದ ಎಕ್ಸ್‌ಎಂಎಲ್ ಓದಿ ಬರೆಯುವ ಜೆಎಎಕ್ಸ್‌ಬಿಯಂಥ ಕೆಲವು ಭಾಗಗಳನ್ನು ಜಾವಾದಿಂದಲೇ ತೆಗೆದಿದ್ದಾರೆ, ಅವನ್ನು ಲೈಬ್ರರಿಯಾಗಿ ನಾವೇ ಸೇರಿಸಬೇಕು. ಟೆಸ್ಟ್ ಸರ್ವರಿನಲ್ಲಿ ಹಿಂದೆ ಯಾರೋ ಆ ಜಾರ್ ಫೈಲನ್ನು ಕೈಯಿಂದ ಒಗೆದಿರಬಹುದು, ಅದಕ್ಕೇ ಅಲ್ಲಿ ಓಡುತ್ತಿದೆ. ಎರಡನೆಯದು ಜಾವಾ ಅಪ್ಲಿಕೇಶನ್ ಓಡಿಸುವ ಸರ್ವರ್ ಪ್ರೋಗ್ರಾಂ ಟಾಮ್‌ಕ್ಯಾಟ್. 9ರವರೆಗೆ ಪ್ಯಾಕೇಜಿನ ಹೆಸರು ಜಾವಾಎಕ್ಸ್ ಎಂದು ಶುರುವಾಗುತ್ತಿತ್ತು, 10ರಿಂದ ಜಕಾರ್ತಾ. ಟೆಸ್ಟ್‌ನಲ್ಲಿ 9, ಪ್ರೊಡಕ್ಷನ್‌ನಲ್ಲಿ 10 ಇದ್ದರೂ ನೀನು ಹೇಳುವ ದೋಷವೇ ಬರುತ್ತದೆ.

ಪ್ರತಿ ಪರಿಸರಕ್ಕೂ ಬೇರೆ ಬೇರೆ ಬಿಲ್ಡ್ (ಕೋಡಿನಿಂದ ಓಡುವ ಫೈಲು) ಮಾಡುವ ಚಾಳಿ ಇದ್ದರೆ ಬಿಡಿಸು. ಒಂದೇ ಸಲ ಬಿಲ್ಡ್ ಆಗಬೇಕು, ಅದೇ ಫೈಲು ಟೆಸ್ಟ್ ದಾಟಿ ಪ್ರೊಡಕ್ಷನ್‌ಗೆ ಹೋಗಬೇಕು. ಡೇಟಾಬೇಸಿನ ವಿಳಾಸ, ಪಾಸ್‌ವರ್ಡು ಹೊರಗಿನಿಂದ ಬರಲಿ. ಎರಡೂ ಕಡೆ ಜಾವಾ, ಟಾಮ್‌ಕ್ಯಾಟ್, ಡೇಟಾಬೇಸ್ ಡ್ರೈವರ್‌ಗಳ ವರ್ಷನ್ ಬರೆದು ಅಕ್ಕಪಕ್ಕ ಇಟ್ಟರೆ ನಿನ್ನ ಅರ್ಧ ಕೆಲಸ ಮುಗಿದಂತೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊಸ ವ್ಯವಸ್ಥೆಗೆ ಹೋದಾಗ 19 ಲಕ್ಷ ಗ್ರಾಹಕರು ತಮ್ಮ ಖಾತೆ ತೆರೆಯಲಾಗದೆ ಒದ್ದಾಡಿದರು. ಎರಡು ಡೇಟಾ ಸೆಂಟರುಗಳಲ್ಲಿ ಒಂದರ ಮೇಲೆ ಮಾತ್ರ ಹೊರೆಯ ಪರೀಕ್ಷೆ ಮಾಡಿದ್ದರು.

ಇನ್ನೊಂದು ಪ್ರಕರಣ ನಿನ್ನ ವಯಸ್ಸಿನವರು ಓದಲೇಬೇಕಾದ್ದು. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ದಲ್ಲಾಳಿ ಸಂಸ್ಥೆಯ ಎಂಟು ಸರ್ವರುಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಗಿತ್ತು, ಎಂಟನೆಯದು ಉಳಿದಿತ್ತು. ಅದರಲ್ಲಿ ಬಳಕೆ ಬಿಟ್ಟಿದ್ದ ಹಳೆಯ ಕೋಡು ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಕಳಿಸಿತು. ಮಾರುಕಟ್ಟೆ ತೆರೆಯುವ ಮುಂಚೆಯೇ 97 ಇಮೇಲುಗಳು ಏನೋ ತಪ್ಪಾಗಿದೆ ಎಂದಿದ್ದವು, ಯಾರೂ ಗಮನ ಕೊಡಲಿಲ್ಲ. ಗಾಬರಿಯಲ್ಲಿ ಅವರು ಮಾಡಿದ್ದೇನು? ಸರಿಯಿದ್ದ ಏಳು ಸರ್ವರುಗಳಿಂದಲೂ ಹೊಸ ಕೋಡ್ ತೆಗೆದರು. ಒಂದು ಮಾಡುತ್ತಿದ್ದ ಅನಾಹುತವನ್ನು ಎಂಟೂ ಮಾಡತೊಡಗಿದವು. 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಮೇಲೆ ನಷ್ಟ. ಹಿಂದಕ್ಕೆ ಬರುವುದನ್ನು ಟೆಸ್ಟ್ ಸರ್ವರಿನಲ್ಲಿ ಮೊದಲೇ ಮಾಡಿ ನೋಡು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಪ್ರಶ್ನೆ: ಹತ್ತು ವರ್ಷದಿಂದ ಒಂದೇ ಸಾಫ್ಟ್‌ವೇರ್, ಚಂದ ನಡೆದಿದೆ. ಮುಟ್ಟದೆ ಹಾಗೇ ಬಿಟ್ಟರೆ ಏನು ಗಂಟು ಹೋಗುತ್ತದೆ?
(ಹಾವೇರಿ)

ಉತ್ತರ: ಇವತ್ತು ಏನೂ ಹೋಗುವುದಿಲ್ಲ. ಆದರೆ ಹತ್ತು ವರ್ಷ ಹಳೆಯದೆಂದರೆ ಅದರ ಕೆಳಗೆ ಮೈಎಸ್‌ಕ್ಯೂಎಲ್ ಡೇಟಾಬೇಸಿನ ವರ್ಷನ್ 5.6 ಅಥವಾ 5.7 ಇರಬಹುದು. 5.7ಕ್ಕೇ 2023ರ ಅಕ್ಟೋಬರಿನಲ್ಲಿ ಬೆಂಬಲ ಮುಗಿದಿದೆ. 5.6ರಿಂದ 8.0ಗೆ ನೇರ ಹೋಗಲು ಬರುವುದಿಲ್ಲ, 5.7ರ ಮೇಲೆ ಹಾದು ಹೋಗಬೇಕು, 8.0ಗೆ ಹೋದ ಮೇಲೆ ಅದೇ ಡೇಟಾ ಫೈಲುಗಳನ್ನು ಹಿಡಿದು 5.7ಕ್ಕೆ ಇಳಿಯಲು ಬರುವುದಿಲ್ಲ. ನಿಮ್ಮ ಟೇಬಲ್ಲಿನಲ್ಲಿ ರ್‍ಯಾಂಕ್ ಎಂಬ ಹೆಸರಿನ ಕಾಲಂ ಇದ್ದರೆ 8.0 ಅದನ್ನು ತನ್ನ ಸ್ವಂತ ಪದವೆಂದು ಹಿಡಿದು ಕ್ವೆರಿ ನಿಲ್ಲಿಸುತ್ತದೆ. ಇಷ್ಟನ್ನೂ ಬಿಡುವಾಗಿದ್ದಾಗ ಮಾಡಿಕೊಳ್ಳುವುದು ಒಂದು, ತಗಲಿಕೊಂಡಾಗ ಮಾಡುವುದು ಇನ್ನೊಂದು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ಭದ್ರತಾ ತೂತು ಬಯಲಾದಾಗ ಒಂದೇ ತಿಂಗಳಲ್ಲಿ 2.15, 2.16, 2.17 ಎಂದು ಒಂದರ ಹಿಂದೊಂದು ತಿದ್ದುಪಡಿ ಬಂತು. ಹೊಸದರ ಹತ್ತಿರ ಇದ್ದವರು ರಾತ್ರೋರಾತ್ರಿ ಹಾಕಿಕೊಂಡರು. ಬಹಳ ಹಿಂದೆ ಉಳಿದವರು ಮೊದಲು ಉಳಿದೆಲ್ಲವನ್ನೂ ಏರಿಸಬೇಕಾಯಿತು.

ಹಾಗಂತ ಬಿಡುಗಡೆಯಾದ ದಿನವೇ ಎಲ್ಲ ಮಷೀನಿಗೂ ಹಾಕಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ಸಣ್ಣ ಅಪ್‌ಡೇಟ್ ಎಲ್ಲ ಕಡೆ ಒಟ್ಟಿಗೇ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ನಿಮ್ಮಲ್ಲಿ ಹತ್ತು ಇದ್ದರೆ ಒಂದಕ್ಕೆ ಹಾಕಿ, ಎರಡು ದಿನ ನೋಡಿ. ಆ ಒಂದು ಬಿಲ್ಲಿಂಗ್ ಕೌಂಟರಿನದು ಆಗದಿರಲಿ.

ಪ್ರಶ್ನೆ: ಅಪ್‌ಗ್ರೇಡ್ ಆಗಿ ವಾರವಾಯಿತು, ಎಲ್ಲ ಸರಿ ಇದೆ. ಹಳೆಯ ಸರ್ವರ್ ಫಾರ್ಮ್ಯಾಟ್ ಮಾಡಿ ಗೋದಾಮಿಗೆ ಕೊಡಬಹುದೇ?
(ಧಾರವಾಡ)

ಉತ್ತರ: ಇನ್ನೂ ಬೇಡ. ಹೊಸದರಲ್ಲಿ ಒಂದು ತಿಂಗಳ ಲೆಕ್ಕ ಮುಗಿದು, ಪಗಾರ ಆಗಿ, ಜಿಎಸ್‌ಟಿಆರ್-1 ಮತ್ತು 3ಬಿ ಎರಡೂ ಫೈಲ್ ಆಗಲಿ. ಅಲ್ಲಿಯವರೆಗೆ ಹಳೆಯ ಸರ್ವರಿನ ನೆಟ್‌ವರ್ಕ್ ಕೇಬಲ್ ಬಿಚ್ಚಿಡಿ. ಜೋಡಿಸಿಯೇ ಇಟ್ಟರೆ ಅದು ಬೆಳಗಿನ ಜಾವದ ಬಾಕಿ ನೆನಪೋಲೆಗಳನ್ನು ಗಿರಾಕಿಗಳಿಗೆ ತಾನೂ ಕಳಿಸುತ್ತಿರುತ್ತದೆ. ಕೊನೆಯ ಹಳೆಯ ಬ್ಯಾಕಪ್ಪನ್ನು, ಅದನ್ನು ತೆರೆಯಲು ಬೇಕಾದ ಹಳೆಯ ವರ್ಷನ್ನಿನ ಇನ್‌ಸ್ಟಾಲರ್ ಸಮೇತ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕೆಂದು ಕಾನೂನೇ ಹೇಳುತ್ತದೆ. ರಿಟರ್ನ್ ಫೈಲ್ ಆಗಿ, ಬ್ಯಾಕಪ್ ಹೀಗೆ ಜೋಪಾನ ಆದ ಮೇಲೆ ಆ ಮಷೀನನ್ನು ಗೋದಾಮಿಗೆ ಧಾರಾಳ ಕೊಡಿ. ಫ್ಯಾನಿನ ಧೂಳು ಒರೆಸಿಯೇ ಕೊಡಿ.